ಜೀನ್ಸಿನ ಸಾಹುಕಾರ

ರಾಯದುರ್ಗ, ಆಗಸ್ಟ್ 16, 2017

ಇವತ್ತು ಜೀನ್ಸ್ ಯೂನಿಟ್‌ನಲ್ಲಿ ಊಟದ ಹೊತ್ತಿಗಿಂತ ಮೊದಲೇ ಮಿಷನ್ ನಿಲ್ಲಿಸಿ ಎಲ್ಲರನ್ನೂ ಕಟಿಂಗ್ ಟೇಬಲ್ ಹತ್ತಿರ ಕರೆದರು. ಯಾರಾದರೂ ಸತ್ತರೆ ಹಾಗೆ ಕರೆಯುವುದು ರೂಢಿ. ಈ ಸಲ ಸತ್ತದ್ದು ನಾವೇ.

ತಿಪ್ಪೇಶ, ನಮ್ಮ ಚಿಕ್ಕ ಸಾಹುಕಾರ, ನೆಲ ನೋಡಿಕೊಂಡು ಹೇಳಿದ: “ಆರ್ಡರ್ ಇಲ್ರಿ. ಹತ್ತು ಹನ್ನೆರಡು ಮಂದಿ ಇಟ್ಕೊಂತೀನಿ. ಉಳಿದೋರು ಬ್ಯಾರೆ ಕಡೆ ನೋಡ್ಕೊಳ್ರಿ.” ಆಮೇಲೆ ನನ್ನ ಕಡೆ ತಿರುಗಿ, “ಆಶಕ್ಕ, ಚೆಕಿಂಗ್ ಇನ್ನ ಮ್ಯಾಲೆ ನಾನಾ ಮಾಡ್ಕೊಂತೀನ್ರಿ” ಅಂದ. ತನ್ನ ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡು ಬಂದಿದ್ದ. ಇವನು ಪ್ಯಾಂಟಿನ ತಪ್ಪು ಹಿಡಿಯುತ್ತಾನಂತೆ.

ಜಿಎಸ್‌ಟಿ ಬಂತು,
ಮಿಷನ್ನು ನಿಂತು,
ಮನೆ ತುಂಬ ಚಿಂತು.

ಚಿಂತೆ ಅಂತ ಓದಿಕೊಳ್ಳುವುದು. ಪ್ರಾಸಕ್ಕೋಸ್ಕರ ಸ್ವಲ್ಪ ಆಲ್ಟರೇಷನ್ ಮಾಡಿದ್ದೇನೆ.

ಪಕ್ಕದ ಮಿಷನ್ನಿನ ಉಜ್ಜಿನಮ್ಮ ಅಲ್ಲೇ ಚಪ್ಪಲಿ ಮೆಟ್ಟಿದಳು. “ನಡಿ, ಬೆಂಗಳೂರಿಗೆ ಹೋಗಾಣು. ಗಾರ್ಮೆಂಟ್ಸ್‌ನ್ಯಾಗ ಹಾಸ್ಟೆಲ್ ಕೊಡ್ತಾರ.” ಹಾಸ್ಟೆಲ್! ನಲವತ್ತೈದನೇ ವಯಸ್ಸಿಗೆ ಹದಿನೆಂಟರ ಹುಡುಗಿಯರ ಜೊತೆ ಬಕೆಟ್ಟಿಗೆ ಜಗಳ. ಇತ್ತ ಗಂಡ ರಾಮಾಂಜಿಯನ್ನು ಒಬ್ಬನೇ ಬಿಟ್ಟರೆ ಮೂರು ಹೊತ್ತೂ ಮಂಡಕ್ಕಿ ಉಗ್ಗಾಣಿ ತಿಂದು ಅದರಷ್ಟೇ ಹಗುರಾಗುತ್ತಾನೆ. ತವರು ಮಡಕಶಿರಾ ಬಿಟ್ಟು ಒಂದು ಸಲ ಗುಳೆ ಬಂದದ್ದೇ ಈ ಜನ್ಮಕ್ಕೆ ಸಾಕು. ಬೇರೆ ಕೆಲಸ ಹುಡುಕೋಣವೆಂದರೆ ನನ್ನದು ಆಂಧ್ರದಲ್ಲಿ ಕನ್ನಡ ಮಾಧ್ಯಮದ ಬಿ.ಎ.; ಎರಡೂ ಕಡೆಗೆ ಕಿಟಕಿ ಇರುವ, ಯಾವ ಕಡೆಗೂ ಬಾಗಿಲಿಲ್ಲದ ಮನೆ.

ಆಗಸ್ಟ್ 18

ಸರ್ವಮಂಗಳಮ್ಮ ಹೇಳಿಕಳಿಸಿದ್ದರು. ತಿಪ್ಪೇಶನ ತಾಯಿ, ಯೂನಿಟ್ ಕಟ್ಟಿದ ದೊಡ್ಡಮಲ್ಲಪ್ಪನ ಹೆಂಡತಿ. ಮುದುಕ ಸತ್ತು ಅಕ್ಟೋಬರ್‌ಗೆ ವರ್ಷ. ಅದಕ್ಕೂ ಮುಂಚೆ ಎರಡು ವರ್ಷ ಮನೆಯಿಂದ ಹೊರಗೆ ಬಂದಿರಲಿಲ್ಲ. ಕೇಳಿದರೆ ತಿಪ್ಪೇಶ “ಅಪ್ಪಾಜಿ ರೆಸ್ಟ್‌ನ್ಯಾಗ ಅದಾರ” ಅನ್ನುತ್ತಿದ್ದ. ಅಷ್ಟು ವರ್ಷ ನಮ್ಮನ್ನು ಬೈದವನಿಗೆ ರೆಸ್ಟ್ ಬೇಕೇ ಬೇಕು ಎಂದು ನಾವೂ ಸುಮ್ಮನಿದ್ದೆವು.

ಒಳಗೆ ಹೋದರೆ ಅಮ್ಮಾರ ಕೈಯಲ್ಲಿ ನನ್ನ ಹಲ್ಲಿ! ಯಾವುದೋ ಕಾಲದಲ್ಲಿ ಕಟಿಂಗ್ ವೇಸ್ಟಿನೊಳಗೆ ಹತ್ತಿ ತುರುಕಿ, ಬೆನ್ನಿಗೆ ಗಂಟುಗಂಟು ಕಸೂತಿ ಹಾಕಿ, ಬಾಲದಲ್ಲಿ ತಂತಿ ಇಟ್ಟು ಹೊಲಿದು ಆಫೀಸಿನ ಗೋಡೆಗೆ ಅಂಟಿಸಿದ್ದೆ. ಅದನ್ನು ಕಂಡು ದೊಡ್ಡಮಲ್ಲಪ್ಪ ಕುರ್ಚಿ ಹತ್ತಿದ್ದ. ಇಳಿದ ಮೇಲೆ “ಪ್ಯಾಂಟ್ ಎಣಸು! ಪದ ಕಟ್ಟಬ್ಯಾಡ, ಪ್ರಾಣಿ ಹೊಲೀಬ್ಯಾಡ!” ಎಂದು ಅರ್ಧ ದಿನದ ಹಾಜರಿ ಹೊಡೆದಿದ್ದ. ಹಲ್ಲಿಯನ್ನು ಒಲೆಗೆ ಹಾಕಿದನೆಂದೇ ತಿಳಿದಿದ್ದೆ. ನೋಡಿದರೆ ಮನೆಯಲ್ಲಿ ಸಾಕಿದ್ದಾನೆ.

“ಇದನ್ನ ಮಾಡಿದಾಕಿ ನೀನಾ ಅಲ್ಲೇನು?”

“ಹೌದ್ರಿ ಅಮ್ಮಾರ.”

“ನಮ್ಮ ಯಜಮಾನ್ರನ್ನೂ ಹಿಂಗಾ ಮಾಡಿಕೊಡು.”

“ಹಲ್ಲಿ ಹಂಗೇನ್ರಿ?”

“ಉಬ್ಬಿಕೊಂಡು, ಮುಟ್ಟಿದ್ರ ಕೈಗೆ ಸಿಗೂಹಂಗ. ಫೋಟೋಕ್ಕ ಕೈ ಹಚ್ಚಿದ್ರ ಬರೇ ಗಾಜು ಸಿಗತೈತಿ.”

ಬಾಗಿಲಲ್ಲಿ ನಿಂತಿದ್ದ ತಿಪ್ಪೇಶ ವ್ಯಾಪಾರಕ್ಕಿಳಿದ. “ಅಕ್ಟೋಬರ್ ಒಂಬತ್ತಕ್ಕ ವರ್ಷದ ಪುಣ್ಯಸ್ಮರಣೆ ಐತ್ರಿ. ಬಳ್ಳಾರಿ ವ್ಯಾಪಾರಸ್ಥರು ಬರ್ತಾರ. ಅವರ ಮುಂದ ಅಪ್ಪಾಜಿ ರಾಜನಂಗ ಕಾಣಬೇಕು. ಕಂಡ್ರ ಚೆಕಿಂಗ್ ಟೇಬಲ್ ನಿಮಗಾ. ಇಲ್ಲಂದ್ರ…”

“ಬೆಂಗಳೂರು” ಎಂದು ನಾನೇ ಮುಗಿಸಿಕೊಟ್ಟೆ.

ಮನೆಗೆ ಬರುತ್ತಾ ದಾರಿಯುದ್ದಕ್ಕೂ ಖುಷಿ. ಮುದುಕನ ಮೂಗನ್ನು ಬದನೆಕಾಯಿ ಮಾಡುವ ಅವಕಾಶ ಎಷ್ಟು ಕೆಲಸಗಾರರಿಗೆ ಸಿಗುತ್ತದೆ?

ಸೆಪ್ಟೆಂಬರ್ 3

ಮೊರದಷ್ಟು ಅಗಲದ ಮುಖ. ಗಾಢ ನೀಲಿ ಜೀನ್ಸ್ ಬಟ್ಟೆ. ಅದರ ಹಿಂದೆ ಇನ್ನೊಂದು ಬಟ್ಟೆ ಇಟ್ಟು ಕೆನ್ನೆಯ ಆಕಾರಕ್ಕೆ ಸುತ್ತ ಹೊಲಿದು, ಹಿಂಬದಿ ಸೀಳಿ ಹತ್ತಿ ತುರುಕಿದರೆ ಮುಂದಕ್ಕೆ ಕೆನ್ನೆ ಉಬ್ಬುತ್ತದೆ. ಮೂಗಿಗೆ ಇಷ್ಟು ಸಾಲದು. ಅದನ್ನು ಬೇರೆಯೇ ಹೊಲಿದು, ಒಳಗಿನದು ಹೊರಗೆ ತಿರುಗಿಸಿ, ತುಂಬಿ ಕೂರಿಸಬೇಕು. ಎರಡು ಹೊಳ್ಳೆ ಅಂದರೆ ಎರಡು ಕಾಲು. ಅಂದರೆ ಮೂಗೂ ಒಂದು ಸಣ್ಣ ಪ್ಯಾಂಟೇ. ಇಷ್ಟು ವರ್ಷ ಪ್ಯಾಂಟಿನ ತಪ್ಪು ಹಿಡಿದವಳಿಗೆ ಮೂಗಿನ ತಪ್ಪು ಹಿಡಿಯುವುದೇನು ಕಷ್ಟ? ಹೊಲಿಯುವುದು ಕಷ್ಟ.

ಮೊದಲ ಮೂಗು ಮೊಂಡು,
ಎರಡನೆಯದು ಗುಂಡು,
ಮೂರನೆಯದಕ್ಕೆ ಹೆದರಿತು ಮನೆಯ ಗಂಡು.

“ಇದೇನೇ, ಸೊಂಡಿಲಾ? ಗಣೇಶನ ಹಬ್ಬ ಮೊನ್ನೆನೇ ಆಗೋಯ್ತಲ್ಲ” ಅಂದ ರಾಮಾಂಜಿ, ತಟ್ಟೆ ಹಿಡಿದುಕೊಂಡು ಹಿಂದೆ ಸರಿಯುತ್ತಾ.

“ಬಾಯಿಗೆ ಜಿಪ್ ಹಾಕ್ಲಾ ಅಂತ ನೋಡ್ತಿದೀನಿ.”

“ಹಾಕು. ಹಾಕಿ ಬೀಗ ಜಡಿ. ಊರೆಲ್ಲ ಬಂದು ಕೈ ಮುಗೀತಾರೆ.”

ಸೆಪ್ಟೆಂಬರ್ 4

ಮೂಗು ಬಿಚ್ಚಿದೆ.

ಸೆಪ್ಟೆಂಬರ್ 12

ಎರಡು ದಿನ ತವರಿಗೆ ಹೋಗಿ ಬಂದೆ. ಮೂಗಿಲ್ಲದ ಸಾಹುಕಾರ ಚೀಲದಲ್ಲಿ ಜೊತೆಗೇ ಬಂದ. ಕಲ್ಯಾಣದುರ್ಗದ ಬಸ್ಸಿನಲ್ಲಿ ಪಕ್ಕದವಳು “ಏನಮ್ಮಾ ಅದು, ದಿಂಬಾ?” ಅಂದಳು. ಹೌದು ಅಂದೆ. ಅವಳು ಒಂದು ಗಂಟೆ ಅದರ ಮೇಲೆ ತಲೆ ಇಟ್ಟು ನಿದ್ದೆ ಹೊಡೆದಳು. ಬದುಕಿದ್ದಾಗ ಅವನ ಪಕ್ಕ ಯಾರೂ ಕಣ್ಣು ಮುಚ್ಚಿರಲಿಲ್ಲ.

ನನ್ನ ಅವ್ವ ಎರ್ರಮ್ಮ ಆ ಮುಖ ನೋಡಿ ಮೊದಲು ಬೈದಳು. “ಸತ್ತೋನ ಮುಖ ಹೊಲೀತಾ ಕುಂತಿದೀಯಲ್ಲೇ, ಬದುಕಿರೋ ಅವ್ವಂಗೆ ಒಂದು ರವಿಕೆ ಹೊಲ್ಯಾಕೆ ಪುರುಸೊತ್ತಿಲ್ವಾ?” ಆಮೇಲೆ ಗದ್ದ ಒತ್ತಿ ನೋಡಿ, “ಹತ್ತಿ ಕೂತ್ಕಂಡೋಗುತ್ತೆ. ತಾ ಇಲ್ಲಿ” ಎಂದು ಹಳೇ ಸೀರೆ ಹರಿದು, ಹುರಿ ಮಾಡಿ ಸುತ್ತಿದಳು. ನೀರಿನ ಕೊಡ ಹೊರುವಾಗ ತಲೆ ಮೇಲೆ ಇಡುವ ಸಿಂಬೆ. ಅಂಥದ್ದೇ ಒಂದು ಸಣ್ಣದು ಗದ್ದಕ್ಕೆ, ಎರಡು ಕಣ್ಣಿನ ಸುತ್ತ. ಬಟ್ಟೆಯ ಕೆಳಗೆ ಸಿಂಬೆ ಇಟ್ಟು ಹೊಲಿದರೆ ನಡುವೆ ಗುಳಿ ತಾನೇ ಬೀಳುತ್ತದೆ. ಗುಳಿಯಲ್ಲಿ ಕಣ್ಣು ತಾನೇ ಕೂರುತ್ತದೆ. ಕೆನ್ನೆಗೆ ಮಾತ್ರ ಹತ್ತಿಯೇ ಇರಲಿ, ಮೆತ್ತಗಿರುತ್ತದೆ ಅಂದುಕೊಂಡೆ.

ಹೇಮಾವತಿಯ ಗುಡಿಗೂ ಹೋಗಿದ್ದೆ. ಭಕ್ತಿಗಲ್ಲ, ಮೂಗು ನೋಡಲು. ಹೊರಗಿನ ಹಳೇ ವಿಗ್ರಹಗಳಲ್ಲಿ ಮುಕ್ಕಾಗದ ಮೂಗು ಹುಡುಕಬೇಕಾಯಿತು. ಕಲ್ಲಿನವರಿಗೇ ಉಳಿಸಿಕೊಳ್ಳಲು ಆಗಲಿಲ್ಲವಲ್ಲ ಎಂದು ಸಮಾಧಾನ. ಒಂದರ ಹಣೆಯಿಂದ ತುಟಿಯವರೆಗೆ ಬೆರಳಿಟ್ಟು ಅಳೆಯುತ್ತಿದ್ದೆ. ಪೂಜಾರಿ “ಏನಮ್ಮಾ, ಮದುವೆಗೆ ಹೆಣ್ಣು ನೋಡ್ತಿದೀಯಾ?” ಎಂದು ಗದರಿದ.

ನಾಲ್ಕನೇ ಮೂಗು ಕೂತಿತು. ಬದನೆಕಾಯಿ ಆಗಲಿಲ್ಲ. ಆಗಿದ್ದರೆ ಕನ್ನಡಕ ಹಾಕಿದರೂ ನಿಲ್ಲುತ್ತಿರಲಿಲ್ಲ, ಅದಕ್ಕೆ.

ಸೆಪ್ಟೆಂಬರ್ 24

ಸತ್ತ ಮೇಲೂ ಸುಮ್ಮನಿಲ್ಲ ಸಾಹುಕಾರ,
ಸೂಜಿಯ ತುದಿಯಲ್ಲೇ ಅವನ ದರಬಾರ.

ಇವತ್ತು ಅಮ್ಮಾರ ಮನೆಯಲ್ಲೇ ಕೂತು ಹೊಲಿದೆ. ಅವರು ಕಣ್ಣು ಮುಚ್ಚಿಕೊಂಡು ಮುಖ ಸವರಿ ಹೇಳುತ್ತಾರೆ, ನಾನು ಬಿಚ್ಚುತ್ತೇನೆ.

“ಹಣಿ ಇಷ್ಟು ಸಪಾಟಿಲ್ಲ. ಎರಡು ಗೆರಿ ಇದ್ವು, ಮಂದೀನ್ನ ಬೈದು ಬೈದು.”

“ನಮ್ಮನ್ನ ಬೈದಿದ್ದಕ್ಕ ಒಂದು, ನಿಮ್ಮನ್ನ ಬೈದಿದ್ದಕ್ಕ ಒಂದೇನ್ರಿ ಅಮ್ಮಾರ?”

“ನನ್ನ ಪಾಲಿಂದು ಆಳ ಇರಲಿ” ಎಂದು ನಕ್ಕರು.

ಹಣೆಯ ಬಟ್ಟೆಯನ್ನು ಚಿಟಿಕೆಯಲ್ಲಿ ಎತ್ತಿ, ಸಣ್ಣ ನೆರಿಗೆ ಹಿಡಿದು ಒಳಗಿನಿಂದ ಹೊಲಿದೆ. ಸಿಟ್ಟು ಬಂತು. ಅಂದರೆ ಮುಖಕ್ಕೆ ಬಂತು. ನನ್ನ ಕನ್ನಡಕ ಒಡೆದಿದ್ದಾಗ ಸೂಜಿಗೆ ದಾರ ಪೋಣಿಸಲಾಗದೆ ಒದ್ದಾಡುತ್ತಿದ್ದದ್ದು, ಇದೇ ಹಣೆ ನನ್ನ ಸೂಜಿಯ ಮೇಲೆ ಬಾಗಿದ್ದು ನೆನಪಾಯಿತು. ಪೋಣಿಸಿ ಕೊಟ್ಟಿದ್ದರು. ಬೈಯುತ್ತಲೇ.

“ಕೊನೇ ಎರಡು ವರ್ಷ ಹೆಂಗಿದ್ರು ಅಮ್ಮಾರ?” ಎಂದು ಕೇಳಿದೆ.

“ಅದನ್ನ ಯಾಕ ಕೇಳ್ತಿ? ಯಾರನ್ನೂ ಒಳಗ ಬಿಡಬ್ಯಾಡ ಅಂದಿದ್ದ ತಿಪ್ಪೇಶ. ಅಂವನೂ ಬಾಗಿಲ ಮಟ ಬಂದು ‘ಹೆಂಗದೀರಿ ಅಪ್ಪಾಜಿ’ ಅಂದು ಹೋಗ್ತಿದ್ದ.” ಎದ್ದು ಟೀ ಇಡಲು ಹೋದರು. ಟೀಗೆ ಸಕ್ಕರೆ ಹಾಕುವುದನ್ನು ಮರೆತಿದ್ದರು. ಹಾಗೇ ಕುಡಿದೆ.

ಅಕ್ಟೋಬರ್ 3

ಹುಬ್ಬಿಗೆ ದಾರ, ಗದ್ದಕ್ಕೆ ಭಾರ,
ಮೀಸೆಗೇ ಹಿಡಿಯಿತು ಒಂದು ವಾರ.

ಮುಗಿಯಿತು. ಹುಬ್ಬಿಗೆ ಜೀನ್ಸಿನ ಅಂಚು ಕಿತ್ತು ಬಿಡಿಸಿದ ಬಿಳಿ ಎಳೆ. ಕುರುಚಲು ಗಡ್ಡಕ್ಕೆ ಬೂದು ದಾರದ ಗಂಟುಗಳು, ಒತ್ತೊತ್ತಾಗಿ. ಕಿವಿಗೆ ಸೊಂಟದ ಪಟ್ಟಿಯ ದಪ್ಪ ಬಟ್ಟೆ. ಹಣೆಯ ವಿಭೂತಿಗೆ ಜೇಬಿನ ಒಳಬಟ್ಟೆಯ ಮೂರು ಪಟ್ಟಿ. ತಿಪ್ಪೇಶ ಹೇಳಿದಂತೆ ರಾಜನ ಹಾಗೆ ಕಾಣುತ್ತಾರೆ. ಅಂದರೆ ಯಾರ ಹಾಗೂ ಕಾಣುವುದಿಲ್ಲ.

ರಾಮಾಂಜಿ ಸುತ್ತು ಬಂದು ನೋಡಿದ. ಅವನು ಡಿ. ಹಿರೇಹಾಳ್ ದಾಟಿ ಬಳ್ಳಾರಿ ಕಡೆಗಿರುವ ವಾಷಿಂಗ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದಾನೆ. ಹೊಲಿದ ಪ್ಯಾಂಟುಗಳನ್ನು ಅಲ್ಲಿ ದೊಡ್ಡ ಡ್ರಮ್ಮಿನಲ್ಲಿ ಹಗುರ ಕಲ್ಲುಗಳ ಜೊತೆ ತಿರುಗಿಸಿ ಹಳೆಯದು ಮಾಡುತ್ತಾರೆ.

“ಎಲ್ಲ ಸರಿ ಐತೆ. ಆದ್ರೆ ಹೊಸಾ ಪ್ಯಾಂಟಿನಂಗೆ ಬಿರುಸಾಗವ್ನೆ. ಸ್ಯಾಂಪಲ್ ಮಿಷನ್ನಾಗೆ ಒಂದು ರೌಂಡ್ ಹಾಕ್ಸಾನ. ಉಬ್ಬಿರೋದು ಬೆಳ್ಳಗಾಗುತ್ತೆ, ತಗ್ಗು ಕಪ್ಪಗೇ ಇರುತ್ತೆ. ಮುಖಕ್ಕೆ ಕಳೆ ಬತ್ತದೆ.”

ನನಗೂ ಸರಿ ಅನ್ನಿಸಿತು. ಈ ಊರಿನಿಂದ ಒಂದು ಪ್ಯಾಂಟಾದರೂ ವಾಷಿಂಗ್ ಇಲ್ಲದೆ ಅಂಗಡಿಗೆ ಹೋಗಿದೆಯೇ? ಸಾಹುಕಾರರು ಮಾತ್ರ ಯಾಕೆ ಹೋಗಬೇಕು? ಇಪ್ಪತ್ತು ವರ್ಷ ಜೀನ್ಸಿನ ಮಧ್ಯೆ ಇದ್ದರೆ ಎರಡು ತಲೆಯೂ ಒಂದೇ ಕಡೆ ಓಡುತ್ತವೆ. ಬೆಳಿಗ್ಗೆ ಟಿಫನ್ ಡಬ್ಬಿಯ ಜೊತೆಗೆ ಕೊಟ್ಟು ಕಳಿಸಬೇಕು.

ಅಕ್ಟೋಬರ್ 5

ಹೋಗುವಾಗ ಯಜಮಾನ,
ಬರುವಾಗ ಅಪಮಾನ.

ನಿನ್ನೆ ಸಂಜೆ ರಾಮಾಂಜಿ ನನ್ನ ಮುಖ ನೋಡದೆ ಚೀಲ ಕೆಳಗಿಟ್ಟು ಕೈಕಾಲು ತೊಳೆಯಲು ಹೋದ. ಅರ್ಧ ಗಂಟೆ ತೊಳೆದ.

ಬಣ್ಣವೇನೋ ಅವನು ಹೇಳಿದ ಹಾಗೇ ಬಂದಿದೆ. ಮೂಗಿನ ತುದಿ, ಹಣೆಯ ಗೆರೆ, ಗದ್ದ ಎಲ್ಲ ಮಂಡಿಯಲ್ಲಿ ಸವೆದ ಪ್ಯಾಂಟಿನ ಹಾಗೆ ತಿಳಿಯಾಗಿ, ಥೇಟು ಚರ್ಮ. ಆದರೆ ಎಡಗೆನ್ನೆಯ ಹತ್ತಿ ನೀರು ಕುಡಿದು, ಗಡ್ಡೆ ಕಟ್ಟಿ, ಅಷ್ಟೂ ದವಡೆಗೆ ಇಳಿದಿದೆ. ಆ ಭಾರಕ್ಕೆ ತುಟಿಯ ಎಡತುದಿ ಕೆಳಗೆ ಜಗ್ಗಿದೆ. ಎಡಗಣ್ಣು ಅರ್ಧ ಮುಚ್ಚಿದೆ. ಒಂದು ಕಡೆ ಸಾಹುಕಾರ, ಒಂದು ಕಡೆ ಯಾರೋ.

ಒಂಬತ್ತಕ್ಕೆ ಪುಣ್ಯಸ್ಮರಣೆ. ರಾಮಾಂಜಿಯನ್ನು ಬೈಯಲು ಪ್ರಾಸವೇ ಬೇಕಾಗಲಿಲ್ಲ.

ಅಕ್ಟೋಬರ್ 6

ಮುಚ್ಚಿಡುವುದಕ್ಕಿಂತ ತೋರಿಸಿ ಎರಡು ದಿನ ಕೇಳಿಕೊಳ್ಳೋಣವೆಂದು ಯೂನಿಟ್‌ಗೆ ಒಯ್ದೆ. ತಿಪ್ಪೇಶ ಬಟ್ಟೆ ಸರಿಸಿದವನು ಮತ್ತೆ ಮುಚ್ಚಿದ. ಅವನ ಮುಖ ಬಿಳುಚಿಕೊಂಡಿತು.

“ಯಾರು ಹೇಳಿದ್ರಿ ನಿಮಗ? ಅವ್ವ ಹೇಳಿದಳಾ?”

“ಏನನ್ನ?”

“ಏನಿಲ್ಲ. ಬಿಚ್ರಿ ಅದನ್ನ. ಎರಡೂ ಕೆನ್ನಿ ಒಂದಾ ಸಮ ಇರಬೇಕು. ಬಳ್ಳಾರಿಯವರ ಮುಂದ ಹಿಂಗ ತೂಗು ಹಾಕಿದ್ರೀ ಅಂದ್ರ, ಆಶಕ್ಕ, ಅವತ್ತಾ ಬೆಂಗಳೂರು ಬಸ್ ಹತ್ರಿ.”

ಬಿಚ್ಚುತ್ತೇನೆ ಅಂದೆ. ಹತ್ತಿ ತೆಗೆದು ಒಣಗಿಸಿ ತುಂಬಿದರೆ ಒಂದು ದಿನದ ಕೆಲಸ. ಇದಕ್ಕೆ ಯಾಕೆ ಅಷ್ಟು ಬಿಳುಚಿಕೊಳ್ಳಬೇಕೋ.

ಅಕ್ಟೋಬರ್ 7

ಬಿಚ್ಚಲು ಕತ್ತರಿ ಹಿಡಿದು ಕೂತಿದ್ದೆ. ಸರ್ವಮಂಗಳಮ್ಮ ಆಟೋ ಇಳಿದು ನೇರ ಒಳಗೇ ಬಂದರು.

“ತಿಪ್ಪೇಶ ಮನ್ಯಾಗ ಕೂಗ್ಯಾಡಾಕತ್ತಾನ. ಏನು ಮಾಡೀದಿ, ತೋರ್ಸು.”

ತೊಡೆಯ ಮೇಲಿದ್ದದ್ದನ್ನು ತಿರುಗಿಸಿ ಹಿಡಿದೆ. ಕ್ಷಮೆ ಕೇಳಲು ಬಾಯಿ ತೆರೆದಿದ್ದೆ. ಅವರು ಬಂದು ಕೂತರು. ಎಡಗೆನ್ನೆಗೆ ಅಂಗೈ ಇಟ್ಟು, ಕೆಳಗೆ ಇಳಿದದ್ದನ್ನು ಮೇಲಕ್ಕೆ ಎತ್ತಿ ಹಿಡಿದರು. ಇನ್ನೊಂದು ಕೈ ಸೆರಗಿನ ತುದಿ ಹಿಡಿದು ತುಟಿಯ ಜಗ್ಗಿದ ಮೂಲೆಯನ್ನು ಒರೆಸಿತು. ಒರೆಸಿದ ಮೇಲೆ ಅವರಿಗೇ ಗೊತ್ತಾಗಿ ಕೈ ನಿಂತಿತು.

“ಲಕ್ವ ಹೊಡದಿತ್ತು” ಅಂದರು. “ಇಲ್ಲೇ ಸೋರತಿತ್ತು. ಮೊಸರನ್ನ ತಿನಿಸಿದ್ರ ಅರ್ಧ ಒಳಗ, ಅರ್ಧ ಹೊರಗ. ಬಾಯಿ ಸೊಟ್ಟ ಆದ್ರೂ ಬೈಗುಳ ಮಾತ್ರ ನೆಟ್ಟಗ ಬರತಿದ್ವು ನೋಡು. ‘ಸೆರಗಿಲೇ ಯಾಕ ಒರಸ್ತೀ, ಮನಿ ತುಂಬ ಬಟ್ಟಿ ಐತಿ’ ಅಂತ.” ನಗುತ್ತಿದ್ದರು. ನಗುತ್ತಲೇ ಮತ್ತೆ ಒಂದು ಸಲ ಒರೆಸಿದರು.

“ಬೇಕಂತ ಮಾಡಿಲ್ರಿ ಅಮ್ಮಾರ. ವಾಷಿಂಗ್‌ನ್ಯಾಗ ಆತು.”

“ಅವರಿಗೂ ಬೇಕಂತ ಆಗಿದ್ದಿಲ್ಲ.”

ಹೋಗುವಾಗ ಹೊಸಿಲಲ್ಲಿ ನಿಂತು ಹೇಳಿದರು: “ನಿನ್ನ ಕೆಲಸ ಇದರ ಮ್ಯಾಲೆ ಐತಿ ಅಂತ ನಂಗೊತ್ತು. ಸರಿ ಮಾಡಿದ್ರೂ ನಾ ಬೇಜಾರು ಮಾಡ್ಕೊಳ್ಳಾಕಿ ಅಲ್ಲ.”

ಕತ್ತರಿ ಎಲ್ಲಿಟ್ಟೆನೋ, ಆಮೇಲೆ ಸಿಗಲಿಲ್ಲ.

ಅಕ್ಟೋಬರ್ 8

ಬಿಚ್ಚಲಿಲ್ಲ. ಕಾರಣ ಇಷ್ಟೇ: ವಾಷಿಂಗ್ ಆದ ಬಟ್ಟೆ, ಬಿಚ್ಚಿದರೆ ಹೊಲಿಗೆಯ ಹತ್ತಿರ ಹರಿಯುತ್ತದೆ.

“ಹರಿಯಲ್ಲ. ವಾಷಿಂಗ್‌ನೋನು ನಾನು, ನಂಗೊತ್ತಿಲ್ವಾ?” ಅಂದ ರಾಮಾಂಜಿ.

“ನಿನಗೇನು ಗೊತ್ತು.”

“ಕೆಲಸ ಹೋಗುತ್ತೆ ಕಣೆ.”

“ಹತ್ತಿ ಇಳಿಸಿದೋನು ನೀನು. ಬಾಯಿ ಮುಚ್ಚು.”

ಹೇಗೂ ಮುಂದಿಟ್ಟುಕೊಂಡು ಕೂತಿದ್ದೆನಲ್ಲ, ಒಳಗಿನಿಂದ ನಾಲ್ಕು ಟಾಕ ಹಾಕಿದೆ, ಇಳಿದದ್ದು ಮತ್ತೆ ಮೇಲೇರದ ಹಾಗೆ. ಎಡರೆಪ್ಪೆ ಇನ್ನೊಂದಿಷ್ಟು ಇಳಿಸಿದೆ. ರೇಷ್ಮೆ ದಾರ ಒಂದೆಳೆ ಉಳಿದಿತ್ತು. ತುಟಿಯ ಮೂಲೆಯಿಂದ ಗದ್ದದ ಕಡೆಗೆ ಒಂದು ಹೊಳೆಯುವ ಗೆರೆ ಎಳೆದೆ. ಸಣ್ಣದು. ಹತ್ತಿರ ಬಂದವರಿಗೆ ಮಾತ್ರ ಕಾಣುತ್ತದೆ.

ಅಕ್ಟೋಬರ್ 9

ಯೂನಿಟ್ ಅಂಗಳದಲ್ಲಿ ಶಾಮಿಯಾನ. ಅಯ್ಯನವರ ಪೂಜೆ ಮುಗಿದ ಮೇಲೆ ಮುಖದ ಮೇಲಿನ ಬಟ್ಟೆ ಸರಿಸಿದರು. ಲಾಡು ಹಂಚುತ್ತಿದ್ದವನು ಕೂಡ ನಿಂತ. ಬಳ್ಳಾರಿಯ ಒಬ್ಬ ವ್ಯಾಪಾರಸ್ಥ ಪಕ್ಕದವನಿಗೆ ತೆಲುಗಿನಲ್ಲಿ, “ಮೂತಿ ವಂಕರ ಪೋಯಿಂದೇ” ಎಂದು ತನ್ನದೇ ಬಾಯಿ ಸೊಟ್ಟ ಮಾಡಿ ತೋರಿಸಿದ. ತಿಪ್ಪೇಶ ಓಡಿ ಹೋಗಿ ಮಾಲೆ ಹಾಕಿದ, ಚೆಂಡುಹೂವು ಎಡಗೆನ್ನೆ ಪೂರಾ ಮುಚ್ಚುವ ಹಾಗೆ. ಸರ್ವಮಂಗಳಮ್ಮ ಎದ್ದು ಹೋಗಿ ಮಾಲೆಯನ್ನು ಕೆಳಗೆ ಸರಿಸಿ ಬಂದು ಕೂತರು. ಅವನು ಮತ್ತೆ ಏರಿಸಿದ. ಅವರು ಮತ್ತೆ ಇಳಿಸಿದರು. ಮೂರನೇ ಸಲಕ್ಕೆ ಅವನೇ ಸೋತ.

ನಾನು ಹಿಂದೆ ನಿಂತು ಹೊಟ್ಟೆ ತುಂಬ ಗೋಧಿ ಹುಗ್ಗಿ ಉಂಡೆ. ಹೇಗೂ ಕೊನೆಯ ಊಟ.

ಬಂದವರೆಲ್ಲ ಹೋದ ಮೇಲೆ ತಿಪ್ಪೇಶ ಅದರ ಹತ್ತಿರ ಹೋದ. ಅಷ್ಟು ಹತ್ತಿರ ಅಂದರೆ ಮೂಗಿಗೆ ಮೂಗು. ರೇಷ್ಮೆಯ ಗೆರೆಯನ್ನು ಬೆರಳಲ್ಲಿ ಮುಟ್ಟಿ ನೋಡಿದ.

“ಹಿಂಗಾ ಇದ್ರಾ ಅವ್ವಾ?”

“ಒಳಗ ಬಂದಿದ್ರ ಕಾಣತಿತ್ತು” ಅಂದರು ಅವರು, ಎಲೆಅಡಿಕೆ ಮಡಚುತ್ತಾ.

ಆಮೇಲೆ ಮೂಗೊರೆಸಿಕೊಂಡು ನನ್ನ ಹತ್ತಿರ ಬಂದ.

“ಆಶಕ್ಕ, ಟೇಬಲ್ ಇಲ್ರಿ.”

“ಗೊತ್ತು ಬಿಡಪ್ಪ.”

“ಸಿಟ್ಟಿಗೆ ಅಲ್ರಿ. ನೀವು ರಾಜನಂಗ ಮಾಡಿದ್ರೂ ಇದ್ದಿದ್ದಿಲ್ಲ. ಬಳ್ಳಾರಿಯವರು ಉಂಡರು, ಹೋದರು. ಆರ್ಡರ್ ಮಾತಾ ಎತ್ತಲಿಲ್ಲ. ದೀಪಾವಳಿಗೆ ಬಾಗಿಲಾ ಹಾಕ್ತೀನಿ.”

“ಮೊದಲೇ ಹೇಳಿದ್ರೆ ಮೂಗನ್ನಾದ್ರೂ ನನಗೆ ಬೇಕಾದ ಹಾಗೆ ಮಾಡ್ತಿದ್ದೆ” ಅಂದೆ. ನಕ್ಕ. ಅಳುತ್ತಿರುವಾಗ ನಕ್ಕರೆ ಅಪ್ಪನದೇ ಹಣೆ.

ಅಮ್ಮಾರು ಮುಖವನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ಒಯ್ದರು. ಯೂನಿಟ್ ಗೋಡೆಯಲ್ಲಿ ಮೊಳೆ ಮಾತ್ರ ಇದೆ.

ಅಕ್ಟೋಬರ್ 15

ಸಂಜೆಗೆ ಬೆಂಗಳೂರಿನ ಬಸ್ಸು. ಉಜ್ಜಿನಮ್ಮ ಫ್ಯಾಕ್ಟರಿಯಲ್ಲಿ ಮಾತಾಡಿ ನನಗೂ ಜಾಗ ಹಿಡಿದಿದ್ದಾಳೆ. ಸೀರೆ ಆರು, ಕನ್ನಡಕ ಎರಡು, ಶೇಂಗಾ ಚಟ್ನಿಪುಡಿ ಒಂದು ಡಬ್ಬಿ. ಮೊಣಕಾಲು ನೋವಿನ ಎಣ್ಣೆ ರಾಮಾಂಜಿಯೇ ತಂದು ಇಟ್ಟ.

ಮಧ್ಯಾಹ್ನ ಅವನನ್ನು ಬಾಗಿಲ ಬೆಳಕಿಗೆ ಸ್ಟೂಲ್ ಹಾಕಿ ಕೂರಿಸಿದೆ. ಜೇಬಿನ ಒಳಬಟ್ಟೆ ಹಾಸಿ, ಅವನ ಮುಖ ಬರೆಯಲು ಸೀಮೆಸುಣ್ಣ ಹಿಡಿದೆ.

“ಏನಂಗೆ ನೋಡ್ತೀಯೇ, ಪೊಲೀಸ್‌ನೋರಂಗೆ?”

“ಅಲ್ಲಾಡಬೇಡ. ನಿನ್ನ ಎಡಗಿವಿ ಬಲಗಿವಿಗಿಂತ ಕೆಳಗೈತೆ.”

“ಇಷ್ಟು ವರ್ಷಕ್ಕೆ ಇವತ್ತು ಕಂಡ್ತಾ?”

“ಹೊಳ್ಳೇನೂ ಒಂದು ಸಣ್ಣದು. ಯಾರಪ್ಪ ನಿನ್ನ ಚೆಕಿಂಗ್ ಮಾಡಿ ಪಾಸ್ ಮಾಡಿದ್ದು?”

“ನೀನೇ ಕಣೆ. ಈಗ ವಾಪಸ್ ಹಾಕಾಕಾಗಲ್ಲ.” ಸೀಮೆಸುಣ್ಣದ ಗೆರೆ ನೋಡಿ, “ಅಲ್ವೇ, ನಾನಿನ್ನೂ ಬದುಕೇ ಇದೀನಲ್ಲ” ಅಂದ.

“ಅದಕ್ಕೇ. ಆಮೇಲೆ ಅಳತೆ ಸಿಗಲ್ಲ.”

ಗಟ್ಟಿಯಾಗಿ ನಗಲು ಹೋದ. ಕೆನ್ನೆ ಅಲ್ಲಾಡುತ್ತೆ ಅಂತ ಗದರಿದೆ. ಈಗ ಟೀಗೆ ಎದ್ದಿದ್ದಾನೆ, ಅಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ. ಅಡುಗೆಮನೆಯಿಂದ ಕೂಗುತ್ತಿದ್ದಾನೆ, ಬ್ಯಾಗಿಗೆ ಬೀಗ ಹಾಕ್ಲಾ ಅಂತ. ಮೊದಲು ಬಂದು ಕೂರು ಅಂದೆ.

ಬಸ್ಸು ಐದಕ್ಕೆ. ಕಿವಿ ಇನ್ನೂ ಮುಗಿದಿಲ್ಲ.